ಶರಣಸಾಹಿತ್ಯದ ಸಂಶೋಧನೆ ಮತ್ತು ವಾಕ್‌ಸ್ವಾತಂತ್ರ್ಯ

ವೀರಶೈವ ವಾಙ್ಮಯದಲ್ಲಿ ಪ್ರಶ್ನೆಗೆ ಎಂತಹ ಸ್ಥಾನವಿದೆಯೆಂಬುದನ್ನು ತಿಳಿಯಲು ಶೂನ್ಯಸಂಪಾದನೆಯೊಂದೇ ಸಾಕು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಪಾದನಕಾರರು ಅದನ್ನು ಪರಿಷ್ಕರಿಸಿದರು. ನಾಲ್ವರೂ ಅದರ ಸಂವಾದರೂಪವನ್ನು ಉಳಿಸಿಕೊಂಡರು. ಅಲ್ಲಿ ಸಿದ್ಧರಾಮನ ಕೆರೆ ದೇಗುಲಗಳ ಕಾಯಕವೂ ಪ್ರಶ್ನೆಗೊಳಗಾಗುತ್ತದೆ. ಅಕ್ಕಮಹಾದೇವಿಯ ವೈರಾಗ್ಯವೂ ಪರೀಕ್ಷೆಗೊಳಗಾಗುತ್ತದೆ. ಬಸವಣ್ಣನೂ ಅಲ್ಲಮನ ಆಕ್ಷೇಪಣೆಗೆ ಹೊರತಾದವನಲ್ಲ. ಪ್ರಶ್ನೆಯಿಂದ ಯಾರ ಘನತೆಯೂ ಕುಂದಲಿಲ್ಲ. ಉತ್ತರಿಸಿದವರ ನಿಲುವು ಬೆಳಗಿತು. ಈ ಪರಂಪರೆಗೆ ವಾರಸುದಾರವಾದ ಸಮಾಜದಲ್ಲಿಯೇ ಗ್ರಂಥಗಳಿಗೆ ಪ್ರತಿಬಂಧ ಬಂದುದೂ ವಿದ್ವಾಂಸನ ಮಾತನ್ನು ಒತ್ತಾಯದಿಂದ ಹಿಂತೆಗೆಯಿಸಿದುದೂ ವಿಚಾರಾರ್ಹ ಸಂಗತಿಗಳು.

ಪ್ರಕೃತ ವಿಷಯಕ್ಕೆ ಧಾರವಾಡವೇ ತಕ್ಕ ಕ್ಷೇತ್ರ. ಇಂದು ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದಲೂ ಹೆಸರಾಗಿರುವ ಈ ಊರು ಮೊದಲಿನಿಂದ ವಿದ್ಯೆಯ ನೆಲೆ. ವಚನಪಿತಾಮಹ ಫ. ಗು. ಹಳಕಟ್ಟಿಯವರು 1880ರಲ್ಲಿ ಜನಿಸಿದುದು ಇಲ್ಲಿಯೇ. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಮುದ್ರಣದ ತೊಡಕುಗಳನ್ನು ಸ್ವತಃ ಅನುಭವಿಸಿದ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮರುವರ್ಷ ‘ನವಕರ್ನಾಟಕ’ ಪತ್ರಿಕೆಯನ್ನೂ ಆರಂಭಿಸಿದರು. ಓಲೆಗರಿಗಳ ಕಟ್ಟಿನಲ್ಲಿದ್ದ ಶರಣವಾಣಿ ಮನೆಮನೆಗೆ ತಲುಪಿದುದು ಮುದ್ರಣದಿಂದ. ಆದುದರಿಂದ ಅಚ್ಚಿನ ಮೊಳೆಗೆ ಒದಗುವ ಅಡ್ಡಿ ವಚನಧರ್ಮದ ಅಭಿಮಾನಿಗಳಿಗೆ ಹೊರಗಿನ ವಿಷಯವೆನಿಸಲಾರದು.

ಮೂರು ಪ್ರಸಂಗಗಳನ್ನು ಇಲ್ಲಿ ಬೇರೆಬೇರೆಯಾಗಿ ಪರಿಶೀಲಿಸುವುದು ಉಚಿತ. ಅವು ಮೂರು ಜಾತಿಯ ಬರೆಹಗಳು. ಅವುಗಳಿಗೆ ಒಂದೇ ಒರೆಗಲ್ಲು ಸಲ್ಲದು.

ಮೊದಲನೆಯದು ಸಂಶೋಧನೆಯದು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಚೆನ್ನಬಸವಣ್ಣನ ಜನ್ಮವೃತ್ತಾಂತವನ್ನೂ ನೀಲಾಂಬಿಕೆಯ ದಾಂಪತ್ಯವನ್ನೂ ಕುರಿತ ಲೇಖನಗಳಿದ್ದವು. ಭಕ್ತರಿಗೆ ನೋವಾಯಿತು, ಪ್ರತಿಭಟನೆ ಬೆಳೆಯಿತು, 1989ರಲ್ಲಿ ಕಲಬುರ್ಗಿಯವರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಂಡರು. ಕುಟುಂಬದ ಕ್ಷೇಮಕ್ಕಾಗಿ ಹಾಗೆ ಮಾಡಿದುದಾಗಿ ಹೇಳಿದ ಅವರು ಅದನ್ನು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಬಣ್ಣಿಸಿದರು. ಆ ಲೇಖನಗಳ ನಿರ್ಣಯ ದುರ್ಬಲವಾಗಿದ್ದಿರಬಹುದು, ಸಬಲವಾಗಿದ್ದಿರಬಹುದು. ಅದನ್ನು ಅಳೆಯುವ ಕ್ರಮ ವಿದ್ವತ್ತಿನಲ್ಲಿ ಸಿದ್ಧವಾಗಿದೆ: ಆಧಾರವಾದ ಕೃತಿಯ ಕಾಲ ಯಾವುದು? ಹನ್ನೆರಡನೆಯ ಶತಮಾನದ ವ್ಯಕ್ತಿಗೆ ಶತಮಾನಗಳ ಅನಂತರದ ಪುರಾಣ ಎಷ್ಟರಮಟ್ಟಿಗೆ ಸಾಕ್ಷಿ? ವಚನದ ಪದಕ್ಕೆ ಹೇಳಿದ ಅರ್ಥ ಅನ್ಯ ಪ್ರಯೋಗಗಳಿಂದ ಸಮರ್ಥಿತವಾಗುವುದೇ? ಈ ಪ್ರಶ್ನೆಗಳಿಗೆ ಉತ್ತರ ದೊರೆಯುವ ಮೊದಲೇ ಲೇಖಕನಿಂದ ಹಿಂತೆಗೆತ ದೊರೆಯಿತು. ಇದರಿಂದ ಅವರ ವಾದ ಸುಳ್ಳೆಂದು ಸಿದ್ಧವಾಗಲಿಲ್ಲ, ಸತ್ಯವೆಂದೂ ಸಿದ್ಧವಾಗಲಿಲ್ಲ. ಖಂಡಿಸಬಲ್ಲ ವಿದ್ವಾಂಸರಿಗೂ ಖಂಡಿಸುವ ಅವಕಾಶ ತಪ್ಪಿತು.

ಎರಡನೆಯದು ಕಾದಂಬರಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ವನ್ನು ಅಕ್ಕನಾಗಮ್ಮನ ಚಿತ್ರಣದ ಕಾರಣದಿಂದ ರಾಜ್ಯಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು, 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಕನಾಗಮ್ಮ ಭಕ್ತಕೋಟಿಗೆ ತಾಯಿ; ಆಕೆಯ ವಿಷಯದಲ್ಲಿ ಲಘುವಾದ ಮಾತು ಕೇಳಿದಾಗ ಮನಸ್ಸು ಕದಡುವುದು ಸಹಜ. ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟೆಂದು ಹೇಳಿಬಿಟ್ಟರೆ ವಿಮರ್ಶೆಯ ಹೊಣೆ ತೀರದು. ಆ ಕಲ್ಪನೆ ಪಾತ್ರದ ವ್ಯಕ್ತಿತ್ವಕ್ಕೂ ಕಾಲದ ಸ್ವರೂಪಕ್ಕೂ ಒಪ್ಪುವುದೇ ಎಂದು ಕೇಳಬೇಕು. ಒಪ್ಪದಿದ್ದರೆ ನಿರ್ದಾಕ್ಷಿಣ್ಯವಾಗಿ ಹೇಳಬೇಕು. ಆದರೆ ಓದಲು ಸಿಗದ ಗ್ರಂಥವನ್ನು ಯಾರು ವಿಮರ್ಶಿಸಬಲ್ಲರು? ಮುಟ್ಟುಗೋಲು ಕೃತಿಯ ದೋಷವನ್ನು ತೋರಿಸಿಕೊಡುವುದಿಲ್ಲ, ಮರೆಮಾಡುತ್ತದೆ.

ಮೂರನೆಯದು ಗ್ರಂಥಸಂಪಾದನೆಯದು. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂಬುದು ಬಂದಿತು. 1998ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಸ್ಥಿರಪಡಿಸಿತು. ಸಂಪಾದನಶಾಸ್ತ್ರದ ದೃಷ್ಟಿಯಿಂದ ಈ ಬದಲಾವಣೆಯನ್ನು ಸಮರ್ಥಿಸುವುದು ಶಕ್ಯವಿಲ್ಲ. ಅಂಕಿತವು ವಚನಕಾರನ ಮುದ್ರೆ; ಕರ್ತೃನಿರ್ಣಯಕ್ಕೆ ಮುಖ್ಯ ಆಧಾರ. ಹಸ್ತಪ್ರತಿಯ ಬೆಂಬಲವಿಲ್ಲದೆ ಅದನ್ನು ತಿದ್ದುವ ಅಧಿಕಾರ ಯಾವ ಸಂಪಾದಕನಿಗೂ ಇಲ್ಲ. ಹೀಗಿದ್ದರೂ ಈ ದೋಷಕ್ಕೆ ಪರಿಹಾರ ಬೇರೆಡೆ ಸಿದ್ಧವಾಗಿತ್ತು. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವೇ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತ್ತು. ಶುದ್ಧಪಾಠ ಕೈಗೆ ಸಿಗುವಲ್ಲಿ ಅಶುದ್ಧಪಾಠ ತಾನಾಗಿ ಬಯಲಾಗುತ್ತದೆ.

ಕಾನೂನಿನ ಸ್ಥಿತಿಯನ್ನೂ ಅರಿಯಬೇಕು. ಸಂವಿಧಾನದ 19(1)(ಎ) ವಿಧಿ ವಾಕ್‌ಸ್ವಾತಂತ್ರ್ಯವನ್ನು ಕೊಡುತ್ತದೆ. 19(2) ಯುಕ್ತವಾದ ನಿರ್ಬಂಧಗಳನ್ನು ಅನುಮತಿಸುತ್ತದೆ. ಪತ್ರಿಕೆಗಳಿಗೆ ಪ್ರತ್ಯೇಕ ವಿಧಿಯಿಲ್ಲ. ಅವುಗಳ ರಕ್ಷೆಯೂ ಇದೇ ವಿಧಿಯಲ್ಲಿದೆ. 1973ರ ದಂಡಪ್ರಕ್ರಿಯಾ ಸಂಹಿತೆಯ 95ನೆಯ ಪ್ರಕರಣ ಗ್ರಂಥವನ್ನೂ ಪತ್ರಿಕೆಯನ್ನೂ ಮುಟ್ಟುಗೋಲು ಹಾಕುವ ಅಧಿಕಾರವನ್ನು ರಾಜ್ಯಸರ್ಕಾರಕ್ಕೆ ನೀಡಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಅಧಿಕಾರ ಉಳಿದಿದೆ. ಆಜ್ಞೆ ಮೊದಲು, ವಿಚಾರಣೆ ಆಮೇಲೆ. ‘ಧರ್ಮಕಾರಣ’ದ ಅಂತಿಮ ತೀರ್ಪಿಗೆ ಹತ್ತು ವರ್ಷಗಳೂ ‘ವಚನ ದೀಪ್ತಿ’ಗೆ ಹತ್ತೊಂಬತ್ತು ವರ್ಷಗಳೂ ಹಿಡಿದವು. ಅಷ್ಟು ಕಾಲ ಓದುಗನ ತೀರ್ಮಾನಕ್ಕೆ ಎಡೆಯೇ ಇರಲಿಲ್ಲ.

ಆಜ್ಞೆಗಿಂತಲೂ ಭೀಕರವಾದುದು ಆಯುಧ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. 1989ರ ಭಕ್ತರ ಅಸಮಾಧಾನವನ್ನೂ ಈ ಹತ್ಯೆಯನ್ನೂ ಒಂದೇ ಎಳೆಯಲ್ಲಿ ಪೋಣಿಸುವುದು ನ್ಯಾಯವಲ್ಲ. ನೊಂದ ಭಕ್ತನಿಗೆ ಪ್ರತಿಭಟಿಸುವ, ಖಂಡನಗ್ರಂಥ ಬರೆಯುವ, ಸಭೆ ಕರೆದು ಪ್ರಶ್ನಿಸುವ ಹಕ್ಕು ಪೂರ್ಣವಾಗಿದೆ, ಅದೂ ವಾಕ್‌ಸ್ವಾತಂತ್ರ್ಯವೇ. ಆದರೆ ವಾದವನ್ನು ವಾದದ ಕಣದಿಂದ ಹೊರಕ್ಕೆ ಒಯ್ದು ಭಯದಿಂದ ತೀರ್ಮಾನಿಸುವುದು ಒಮ್ಮೆ ರೂಢಿಯಾದರೆ, ಅದು ಎಲ್ಲಿ ನಿಲ್ಲುವುದೆಂದು ಹೇಳಲು ಯಾರಿಂದಲೂ ಆಗದು.

ಇದರ ದೊಡ್ಡ ನಷ್ಟ ಕಣ್ಣಿಗೆ ಕಾಣದು. ನಿಷೇಧಿತ ಪುಸ್ತಕವನ್ನು ಹೆಸರಿಸಬಹುದು. ಬರೆಯದೆ ಬಿಟ್ಟ ಪುಸ್ತಕವನ್ನು ಹೆಸರಿಸುವುದೆಂತು? ಶರಣರ ಜೀವನಚರಿತ್ರೆಯನ್ನು ಕೈಗೆತ್ತಿಕೊಳ್ಳಬೇಕಾದ ಯುವ ವಿದ್ಯಾರ್ಥಿ ತಂಟೆಯಿಲ್ಲದ ವಿಷಯವನ್ನು ಆರಿಸಿಕೊಂಡರೆ ಬಡವಾಗುವುದು ಶರಣಸಾಹಿತ್ಯವೇ.

ಅನುಸರಣೀಯ ಮೇಲ್ಪಂಕ್ತಿಗಳು ಈ ನಾಡಿನಲ್ಲಿಯೇ ಇವೆ. ಅನುಭವಮಂಟಪ ಇದ್ದಿತೇ ಎಂಬ ಸಂಶಯ ವಿದ್ವದ್ವಲಯದಲ್ಲಿ ತಲೆದೋರಿದಾಗ ಕ್ರೈಸ್ತ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು ಸಂಶಯಪಟ್ಟವರ ಬಾಯಿ ಮುಚ್ಚಿಸಿರೆಂದು ಕೇಳಲಿಲ್ಲ. ಅದರ ಐತಿಹಾಸಿಕತೆಯನ್ನು ಪ್ರತಿಪಾದಿಸುವ ಗ್ರಂಥವನ್ನೇ ರಚಿಸಿದರು. ಗದುಗಿನ ತೋಂಟದಾರ್ಯ ಮಠವು ವೀರಶೈವ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿ ಹಲವು ಸಂಶೋಧನಗ್ರಂಥಗಳನ್ನು ಪ್ರಕಟಿಸಿತು. ಕಲಬುರ್ಗಿಯವರೂ ಲೇಖನಿಯನ್ನು ಕೆಳಗಿಡಲಿಲ್ಲ. 2006ರಲ್ಲಿ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಮಠಗಳಲ್ಲಿ ಹಸ್ತಪ್ರತಿಗಳಿವೆ, ವೇದಿಕೆಗಳಿವೆ, ಪತ್ರಿಕೆಗಳಿವೆ. ವಿವಾದ ಹುಟ್ಟಿದಾಗ ಆಕ್ಷೇಪಕನನ್ನೂ ಲೇಖಕನನ್ನೂ ಒಂದೇ ವೇದಿಕೆಗೆ ಕರೆಯಿಸಿ, ಎರಡೂ ವಾದಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚಿಸಿ, ಮೂಲಪ್ರತಿಯನ್ನು ಓದುಗರ ಮುಂದಿಡುವ ಸಾಮರ್ಥ್ಯ ಅವುಗಳಿಗಿದೆ. ಶೂನ್ಯಸಿಂಹಾಸನದ ಮುಂದೆ ಪ್ರಶ್ನೆ ಕೇಳಿದವನನ್ನು ಯಾರೂ ಹೊರಗೆ ಹಾಕಲಿಲ್ಲ. ಆ ಸಿಂಹಾಸನಕ್ಕೆ ಕೈಮುಗಿಯುವವರು ಪ್ರಶ್ನೆಗೂ ಎಡೆಗೊಡುವುದು ಭಕ್ತಿಯ ಕೊರತೆಯಲ್ಲ, ಭಕ್ತಿಯ ಬಲ.