ಆ ಕಾಲುವೆಯ ನೀರು ಯಾರ ಗದ್ದೆಗೆ?

ಪರದೇಶಕ್ಕೆ ಹೋಗಿ ಬಂದವರು ಬರೆದ ಪ್ರವಾಸ ಲೇಖನಗಳನ್ನು ನಾನು ಮೂವತ್ತು ವರ್ಷಗಳಿಂದ ಓದುತ್ತ ಬಂದಿದ್ದೇನೆ. ದೀಪಾವಳಿ ವಿಶೇಷಾಂಕಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ, ಲೇಖಕರೇ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಶಾಲೆಯ ಗ್ರಂಥಾಲಯಕ್ಕೆ ಉದಾರವಾಗಿ ಕೊಟ್ಟುಹೋದ ಪುಸ್ತಕಗಳಲ್ಲಿ ಇವು ಸಿಗುತ್ತವೆ. ಇಷ್ಟು ಓದಿದ ಮೇಲೆ ಇವುಗಳ ಅಚ್ಚು ಕಣ್ಣಿಗೆ ಕಟ್ಟಿಬಿಡುತ್ತದೆ. ಮೊದಲು ವಿಮಾನ, ಆಮೇಲೆ ಚಳಿ, ಆಮೇಲೆ ಸಸ್ಯಾಹಾರದ ಪರದಾಟ, ಆಮೇಲೆ ಒಂದು ತುಂಡು ಕಾಗದವೂ ಬಿದ್ದಿರದ ರಸ್ತೆ. ಕೊನೆಗೆ 'ನಮ್ಮ ದೇಶ ಹೀಗಾಗುವುದು ಎಂದಿಗೋ' ಎಂಬ ನಿಟ್ಟುಸಿರು. ಊರಿನ ನಡುವೆ ನೀರು ಹರಿಯುವ ವೆನಿಸ್, ಆಮ್‌ಸ್ಟರ್‌ಡ್ಯಾಮ್‌ಗಳ ವಿಷಯ ಬಂದರಂತೂ 'ಸ್ವರ್ಗ' ಎಂಬ ಮಾತು ತಪ್ಪುವುದೇ ಇಲ್ಲ. ಸ್ವರ್ಗ ಎಂದ ಮೇಲೆ ಓದುಗನಿಗೆ ಕೇಳಲು ಏನೂ ಉಳಿಯುವುದಿಲ್ಲ, ಬರೆದವರಿಗೆ ಹೇಳಲೂ ಏನೂ ಉಳಿಯುವುದಿಲ್ಲ.

ಇಂಥದೊಂದು ಲೇಖನವನ್ನು ಒಮ್ಮೆ ನಮ್ಮ ಒಂಬತ್ತನೆಯ ತರಗತಿಯಲ್ಲಿ ಓದಿಸಿದ್ದೆ. ಕಾಲುವೆಗಳ ಪಟ್ಟಣ, ಮನೆಬಾಗಿಲಿಗೆ ದೋಣಿ, ನೀರಿನಲ್ಲಿ ದೀಪಗಳ ನೆರಳು, ಎಲ್ಲ ಚೆನ್ನಾಗಿಯೇ ಇತ್ತು. ಓದು ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಆ ಕಾಲುವೆ ನೀರು ಯಾರ ಗದ್ದೆಗೆ ಹೋಯ್ತದೆ ಮಿಸ್?"

ಮಕ್ಕಳು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ನಮ್ಮ ದೊಡ್ಡಆಲಹಳ್ಳಿ ಇರುವುದು ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿ. ಕಾವೇರಿ ಹತ್ತಿರದಲ್ಲೇ ಹರಿದರೂ ಹೊಲದ ರಾಗಿ ಮಳೆಯನ್ನೇ ನಂಬಬೇಕು, ಹಿಪ್ಪುನೇರಳೆ ತೋಟ ಕೊಳವೆ ಬಾವಿಯನ್ನು ನಂಬಬೇಕು. ಕಾಲುವೆ ಎಂದರೆ ನಮಗೆ ಆಚೆ ಮಂಡ್ಯದ ಸೀಮೆ, ವಿಶ್ವೇಶ್ವರಯ್ಯ ನಾಲೆ, ಸರದಿಯ ನೀರಿಗಾಗಿ ರಾತ್ರಿ ಎದ್ದು ಹೋಗುವ ರೈತ, ತೂಬಿನ ಹತ್ತಿರದ ಜಗಳ. ಈ ಮಣ್ಣಿನಲ್ಲಿ ಬೆಳೆದ ಮಗುವಿಗೆ ಕಾಲುವೆ ಅಂದಚೆಂದದ ವಸ್ತುವಲ್ಲ, ಕೆಲಸ ಮಾಡುವ ವಸ್ತು. ಆದ್ದರಿಂದ ಅದು ಏನು ಕೆಲಸ ಮಾಡುತ್ತದೆ ಎಂದು ಆ ಹುಡುಗಿ ಕೇಳಿದಳು. ಲೇಖನ ಬರೆದವರು ಹಾಗೆ ಕೇಳಿಕೊಂಡಿರಲಿಲ್ಲ. ನಮ್ಮ ಪ್ರವಾಸ ಕಥನಗಳ ಮೇಲೆ ನನಗಿರುವ ಆಕ್ಷೇಪಣೆಯೆಲ್ಲ ಈ ಒಂದು ಪ್ರಶ್ನೆಯೊಳಗೆ ಇದೆ.

ಕೆಲವು ವರ್ಷಗಳ ಮೇಲೆ ನನಗೂ ಆ ಊರನ್ನು ನೋಡುವ ಕಾಲ ಬಂತು. ಮಗಳು ಅಳಿಯ ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್‌ನಲ್ಲಿದ್ದಾರೆ. ಅಲ್ಲಿ ನಮ್ಮ ದೇಶದ ಕುಟುಂಬಗಳು ಬಹಳ. ಮೆಟ್ಟಿಲ ಮೇಲೆ ಕನ್ನಡ ಕೇಳಿಸುತ್ತದೆ, ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ. "ಅಮ್ಮ, ಬರೋದಾದ್ರೆ ಏಪ್ರಿಲ್‌ನಲ್ಲಿ ಬಾ, ಹೂವಿನ ಕಾಲ" ಎಂದು ಮಗಳು ಹೇಳಿದ್ದಳು. ಆದರೆ ಏಪ್ರಿಲ್ ಎಂದರೆ ನಮಗೆ ಪರೀಕ್ಷೆ, ಮೌಲ್ಯಮಾಪನ. ನನ್ನ ಗಳಿಕೆ ರಜೆ ಮಂಜೂರಾದದ್ದು ಡಿಸೆಂಬರಿಗೆ. ಹೀಗೆ ಚಿತ್ರಪಟಗಳಲ್ಲಿ ಯಾರೂ ತೋರಿಸದ ಕಾಲದಲ್ಲಿ ನಾನು ಆ ಊರಿನಲ್ಲಿದ್ದೆ.

ಆ ದಿನಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲಕ್ಕೆ, ನಾಲ್ಕೂವರೆಗೆಲ್ಲ ಮುಳುಗಿಬಿಡುತ್ತಾನೆ. ನಡುವೆಯೂ ಬೂದಿ ಬಣ್ಣದ ಆಕಾಶ, ಜಿನುಗುವ ಮಳೆ. ಹಿಮ ಬೀಳುವುದೇ ಅಪರೂಪ. ಆದರೂ ಆ ಚಳಿಗಾಲವನ್ನು ನಾನು ಮನಸಾರೆ ಅನುಭವಿಸಿದೆ. ಕಾಲುವೆಯ ದಡದ ಎಲ್ಮ್ ಮರಗಳು ಎಲೆ ಉದುರಿಸಿ ನಿಂತಿದ್ದರಿಂದ ಬೇಸಿಗೆಯಲ್ಲಿ ಮರೆಯಾಗುವ ಮನೆಗಳ ಮುಖ ಪೂರ್ತಿ ಕಾಣುತ್ತಿತ್ತು. ಸಂಜೆ ನಾಲ್ಕಕ್ಕೇ ದೀಪ ಹತ್ತುತ್ತದೆ. ಎಷ್ಟೋ ಮನೆಗಳವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ಓದುತ್ತಿರುವ ಮುದುಕ, ತಟ್ಟೆ ಒರೆಸುತ್ತಿರುವ ಹೆಂಗಸು, ಅವರ ದೀಪ, ಆ ದೀಪದ ನೆರಳು ಕೆಳಗಿನ ಕಪ್ಪು ನೀರಿನಲ್ಲಿ. ಮಳೆಯಲ್ಲೇ ಮಕ್ಕಳನ್ನು ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಗುವ ತಾಯಂದಿರು. ಐವತ್ತು ದಾಟಿದ ಹೆಂಗಸೊಬ್ಬಳು ಸೇತುವೆಯ ಕಟಕಟೆಗೆ ಒರಗಿ ಅರ್ಧ ಗಂಟೆ ಸುಮ್ಮನೆ ನಿಂತರೆ ಯಾರೂ 'ಯಾಕೆ ನಿಂತಿದ್ದೀರಿ' ಎಂದು ಕೇಳಲಿಲ್ಲ. ನಮ್ಮ ಪ್ರವಾಸ ಕಥನಗಳಲ್ಲಿ ಹೀಗೆ ಸುಮ್ಮನೆ ನಿಲ್ಲುವವರು ಕಡಿಮೆ. ಅವರಿಗೆ ಪಟ್ಟಿ ಮುಗಿಸುವ ಅವಸರ.

ನಿಂತರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗತೊಡಗುತ್ತದೆ. ಪ್ರಸಿದ್ಧವಾದ ಮೂರು ಕಾಲುವೆಗಳ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಗಣ್ಯರ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ. 1613ರಲ್ಲಿ ಶುರುವಾದ ನಗರ ವಿಸ್ತರಣೆಯಲ್ಲಿ ಇವನ್ನು ಹಂತಹಂತವಾಗಿ ತೋಡಿದರು. 2010ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜೌಗು ನೆಲದ ನೀರನ್ನು ಬಸಿಯುವುದು, ಸರಕಿನ ದೋಣಿಯನ್ನು ಮನೆಬಾಗಿಲಿಗೆ ತರುವುದು, ಇವು ಕಾಲುವೆಯ ಕೆಲಸಗಳು. ಮನೆಗಳ ನೆತ್ತಿಯಲ್ಲಿ ಇಂದಿಗೂ ಒಂದೊಂದು ತೊಲೆ, ಅದರ ತುದಿಗೆ ಕೊಕ್ಕೆ. ಹಗ್ಗ ಕಟ್ಟಿ ಸರಕನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಮೇಲೇರುವ ಮೂಟೆ ಗೋಡೆಗೆ ತಾಗದಿರಲೆಂದು ಮನೆಗಳನ್ನೇ ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದರು. ಕೆಸರಿನ ನೆಲ ಭಾರ ತಡೆಯದೆಂದು ಮರದ ದಿಮ್ಮಿಗಳನ್ನು ಹೂತು ಅವುಗಳ ಮೇಲೆ ಊರನ್ನು ನಿಲ್ಲಿಸಿದರು. ಡ್ಯಾಮ್ ಚೌಕದ ಅರಮನೆಯೊಂದರ ಅಡಿಯಲ್ಲೇ 13,659 ದಿಮ್ಮಿಗಳಿವೆ ಎಂದು ಅಲ್ಲಿನ ಶಾಲಾ ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರಂತೆ.

ಇನ್ನು ಸ್ವರ್ಗದ ನೀರಿನ ವಿಷಯ. ಶತಮಾನಗಳ ಕಾಲ ಈ ಮನೆಗಳ ಹೊಲಸೆಲ್ಲ ಬೀಳುತ್ತಿದ್ದುದು ಇದೇ ಕಾಲುವೆಗೆ. ಬೇಸಿಗೆಯಲ್ಲಿ ನಾರುವ ನೀರಿಗೆ ಹೆದರಿ ಅನುಕೂಲಸ್ಥರು ಹಳ್ಳಿಯ ಕಡೆಯ ಮನೆಗಳಿಗೆ ಹೊರಟುಬಿಡುತ್ತಿದ್ದರು. ಹಳೆಯ ಕಾಲುವೆ ಮನೆಗಳನ್ನು ಒಳಚರಂಡಿಗೆ ಜೋಡಿಸುವ ಕೆಲಸ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಎಳೆಯಿತು, ದೋಣಿಮನೆಗಳ ಸರದಿ ಅದಕ್ಕಿಂತಲೂ ಆಮೇಲೆ. ಇಂದಿಗೂ ವಾರದ ಕೆಲವು ರಾತ್ರಿ ತೂಬುಗಳನ್ನು ಮುಚ್ಚಿ, ಪಂಪುಗಳಿಂದ ಹೊಸ ನೀರು ಹಾಯಿಸಿ ಹಳೆಯ ನೀರನ್ನು ಹೊರಕ್ಕೆ ತಳ್ಳುತ್ತಾರೆ. ತಳದಿಂದ ವರ್ಷಕ್ಕೆ ಸಾವಿರಾರು ಸೈಕಲ್ಲುಗಳನ್ನು ಎತ್ತುತ್ತಾರೆ. ಒಂದು ಮೀಟರು ಕೆಸರು, ಒಂದು ಮೀಟರು ಸೈಕಲ್ಲು, ಒಂದು ಮೀಟರು ನೀರು ಎಂಬುದು ಆ ಊರಿನವರದೇ ತಮಾಷೆ. ಇದನ್ನೆಲ್ಲ ತಿಳಿದ ಮೇಲೆ ಸಂಜೆಯ ನೀರು ನನಗೆ ಇನ್ನಷ್ಟು ಚೆಲುವಾಗಿ ಕಂಡಿತು. ದೇವರು ಕೊಟ್ಟ ಚೆಲುವಿಗೆ ಕೈಮುಗಿದು ಮುಂದೆ ಹೋಗಬಹುದು. ಜನ ದಿನವೂ ದುಡಿದು ಉಳಿಸಿಕೊಂಡ ಚೆಲುವನ್ನು ನಿಂತು ನೋಡಬೇಕು.

ಹೇಗೆ ನೋಡಬೇಕು ಎಂಬುದಕ್ಕೆ ಒಂದು ಮಾದರಿ ಅದೇ ಊರಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಹೆಂಡ್ರಿಕ್ ಆವರ್‌ಕಾಂಪ್ ಎಂಬ ಚಿತ್ರಕಾರ ಸುಮಾರು 1608ರಲ್ಲಿ ಬರೆದ ಚಳಿಗಾಲದ ಚಿತ್ರ. ಈತ ಮಾತು ಬಾರದವನು. ಕಾಂಪೆನ್ ಎಂಬ ಊರಿನ ಮೂಗನೆಂದೇ ಜನ ಗುರುತಿಸುತ್ತಿದ್ದರು. ಚಿತ್ರ ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು ಅಗಲವಿದೆ, ಅಷ್ಟೆ. ಅದರಲ್ಲಿರುವುದು ಪಟ್ಟಣವಲ್ಲ, ಒಂದು ಹಳ್ಳಿ. ನೀರು ಗಡ್ಡೆ ಕಟ್ಟಿದೆ, ಊರಿಗೆ ಊರೇ ಅದರ ಮೇಲೆ ಇಳಿದುಬಂದಿದೆ. ಜರತಾರಿ ಉಟ್ಟವರು ಕೈಹಿಡಿದು ಜಾರುತ್ತಿದ್ದಾರೆ. ಪಕ್ಕದಲ್ಲೇ ಹೊರೆ ಹೊತ್ತವನು ನಡೆಯುತ್ತಿದ್ದಾನೆ. ಕೋಲು ಹಿಡಿದು ಚೆಂಡಾಡುವವರಿದ್ದಾರೆ, ಜಾರಿ ಬಿದ್ದವರಿದ್ದಾರೆ. ಎಡಗಡೆ ಹಳೆಯ ಬಾಗಿಲೊಂದನ್ನು ಕಡ್ಡಿಗೆ ಆನಿಸಿ ಹಕ್ಕಿ ಹಿಡಿಯಲು ಒಡ್ಡಿದ್ದಾರೆ. ಅಲ್ಲೇ ಹತ್ತಿರದಲ್ಲಿ ಸತ್ತ ಪ್ರಾಣಿಯೊಂದನ್ನು ನಾಯಿ ಹರಿಯುತ್ತಿದೆ. ಚಿತ್ರಕಾರ ತನ್ನ ಹೆಸರನ್ನೂ ಗುಡಿಸಲಿನ ಗೋಡೆಯ ಮೇಲೆ ಹುಡುಗರು ಗೀಚಿದಂತೆ ಗೀಚಿಟ್ಟಿದ್ದಾನೆ.

ಈ ಚಿತ್ರದಲ್ಲಿ ನಾಯಕನಿಲ್ಲ. ಮುಖ್ಯ ಅಮುಖ್ಯ ಎಂಬ ಭೇದವೂ ಇಲ್ಲ. ಸಂತೋಷಪಡುವವರು, ದುಡಿಯುವವರು, ಸತ್ತದ್ದು, ಎಲ್ಲವೂ ಒಂದೇ ಗಡ್ಡೆಯ ಮೇಲೆ ಒಂದೇ ಬೆಳಕಿನಲ್ಲಿವೆ. ಸತ್ತ ಪ್ರಾಣಿಯನ್ನು ಬರೆದದ್ದರಿಂದ ಜಾರುವವರ ಸಂತೋಷ ಕಡಿಮೆಯಾಗಿಲ್ಲ. ಚಳಿ ಕೊಲ್ಲುವಂಥದು ಎಂದು ತಿಳಿದಿದ್ದರಿಂದಲೇ ಆ ಒಂದು ದಿನದ ಆಟ ನಮಗೆ ಮುಟ್ಟುತ್ತದೆ. ನಮ್ಮ ಲೇಖನಗಳು ಈ ಸತ್ತ ಪ್ರಾಣಿಯನ್ನು ತೆಗೆದುಬಿಡುತ್ತವೆ. ಆಗ ಉಳಿಯುವುದು ಕ್ಯಾಲೆಂಡರಿನ ಚಿತ್ರ.

ಆ ಗಡ್ಡೆಯೂ ಈಗ ಅಪರೂಪವಾಗಿದೆ. ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹನ್ನೊಂದು ಪಟ್ಟಣಗಳನ್ನು ಸುತ್ತುವ, ಸುಮಾರು 200 ಕಿಲೋಮೀಟರಿನ ಜಾರುವ ಪಂದ್ಯವೊಂದಿದೆ. 1909ರಲ್ಲಿ ಮೊದಲಾದ ಅದು ನಡೆದಿರುವುದು ಹದಿನೈದೇ ಸಲ, ಕೊನೆಯ ಸಲ 1997ರ ಜನವರಿ 4ರಂದು. ಆ ಮೇಲೆ ದಾರಿಯುದ್ದಕ್ಕೂ ಬೇಕಾದಷ್ಟು ದಪ್ಪಕ್ಕೆ ನೀರು ಗಟ್ಟಿಯಾಗಿಲ್ಲ. ನಮ್ಮಲ್ಲಿ ಮಳೆಗೆ ಕಾಯುವಂತೆ ಅವರು ಮಂಜುಗಡ್ಡೆಗೆ ಕಾಯುತ್ತಾರೆ ಎಂದು ತಿಳಿದಾಗ ಆ ಜನ ನನಗೆ ಹತ್ತಿರವಾದರು.

ಆ ಗಣ್ಯರ ಕಾಲುವೆಯ ಗಣ್ಯರು ಯಾರು ಎಂದೂ ಕೇಳಬೇಕು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ನಮ್ಮ ಕೋರಮಂಡಲ ತೀರದ ಬಟ್ಟೆ, ಮಲಬಾರಿನ ಮೆಣಸು, ಜಾವಾ ಕಡೆಯ ಸಂಬಾರ ಪದಾರ್ಥಗಳನ್ನು ಸಾಗಿಸಿತು. ಅಟ್ಟಕ್ಕೆ ಏರಿದ ಮೂಟೆಗಳಲ್ಲಿ ಇವೂ ಇದ್ದವು. ಗುಲಾಮರ ದುಡಿಮೆಯ ಹಣವೂ ಆ ಗೋಡೆಗಳಲ್ಲಿ ಸೇರಿದೆ. 2021ರ ಜುಲೈ 1ರಂದು ನಗರದ ಮೇಯರ್ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಊರಿನವರೇ ಒಪ್ಪಿಕೊಂಡದ್ದನ್ನು ಅತಿಥಿಯಾಗಿ ಹೋದ ನಾವು ಮುಚ್ಚಿ ಬರೆಯುವ ಅಗತ್ಯವೇನು?

ನಮ್ಮವರು ಚೆನ್ನಾಗಿ ಬರೆದಿಲ್ಲವೆಂದು ಇದರ ಅರ್ಥವಲ್ಲ. ಗೋಕಾಕರು ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೋದ ದಿನಗಳ ಫಲ 'ಸಮುದ್ರದಾಚೆಯಿಂದ'. ಕಾರಂತರ 'ಅಪೂರ್ವ ಪಶ್ಚಿಮ' ಕಲೆಯ ಹಸಿವಿದ್ದವರು ಯೂರೋಪನ್ನು ನೋಡಿದ ಕಥೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಓದಿದರೆ, ಹೇಮಾವತಿಯ ದಡದ ಹಳ್ಳಿಗನ ಕಣ್ಣು ಅಮೆರಿಕದಲ್ಲೂ ಬದಲಾಗಲಿಲ್ಲ ಎಂಬುದು ತಿಳಿಯುತ್ತದೆ. ಇವರೆಲ್ಲ ಕೇಳಲು ಒಂದು ಪ್ರಶ್ನೆಯನ್ನು ಊರಿನಿಂದಲೇ ಕಟ್ಟಿಕೊಂಡು ಹೋದವರು. ಈಚಿನವರು ಕ್ಯಾಮೆರಾ ಮಾತ್ರ ಒಯ್ಯುತ್ತಾರೆ.

ಇದು ಬರವಣಿಗೆಯ ರುಚಿಗಷ್ಟೇ ಸಂಬಂಧಿಸಿದ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮೂರಿನ ದಾರಿ ಮುಗಿಯುವ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಕೂಡುತ್ತದೆ. ಈ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿ ದಶಕಗಳ ಕಾಲ ಬೆಂಗಳೂರು ನೀರು ಕುಡಿಯಿತು. ಅದಕ್ಕೆ ಪ್ರತಿಯಾಗಿ ವೃಷಭಾವತಿಯ ಮೂಲಕ ತನ್ನ ಕೊಳೆಯನ್ನು ಇದೇ ಅರ್ಕಾವತಿಗೆ ಕಳಿಸಿತು. ನಾರುವ ಕಾಲುವೆ ಹೇಗೆ ತಿಳಿಯಾಯಿತು ಎಂಬುದನ್ನು ಆಮ್‌ಸ್ಟರ್‌ಡ್ಯಾಮಿನಿಂದ ಬರೆದು ತಂದರೆ ನಮ್ಮ ಮಕ್ಕಳಿಗೆ ಅದು ಉಪಯೋಗಕ್ಕೆ ಬರುವ ಸುದ್ದಿ. ಅದು ಸ್ವರ್ಗ, ನಮ್ಮದು ನರಕ ಎಂದು ಬರೆದರೆ ಮಕ್ಕಳು ಕಲಿಯುವುದು ಒಂದೇ ಪಾಠ: ಒಳ್ಳೆಯದು ಬೇಕಾದರೆ ಊರು ಬಿಡಬೇಕು. ಆ ಪಾಠವನ್ನು ಅವರು ಈಗಾಗಲೇ ಬೇಕಾದಷ್ಟು ಕಲಿತಿದ್ದಾರೆ.

ಈಗ ನಾನು ಪ್ರಬಂಧದ ಪಾಠಕ್ಕೆ ಒಂದು ಕಟ್ಟಳೆ ಮಾಡಿದ್ದೇನೆ. ಸಂಗಮಕ್ಕೋ ಮೇಕೆದಾಟಿಗೋ ಹೋಗಿ ಬಂದು ಬರೆಯುವ ಮಕ್ಕಳು 'ಸ್ವರ್ಗ', 'ರಮಣೀಯ' ಎಂಬ ಎರಡು ಮಾತುಗಳನ್ನು ಬಳಸುವಂತಿಲ್ಲ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ದಡದಲ್ಲಿ ಯಾರು ಏನು ಮಾಡುತ್ತಿದ್ದರು ಎಂದು ಬರೆಯಬೇಕು. ತಮಗೆ ಏಕೆ ಸಂತೋಷವಾಯಿತು ಎಂಬುದನ್ನು ಕೊನೆಗೆ ಒಂದು ಸಾಲು ಬರೆದರೆ ಸಾಕು. ಮೊದಲ ವರ್ಷ ಗೊಣಗಿದರು. ಈಗ ಬರುವ ಪ್ರಬಂಧಗಳು ವಿಶೇಷಾಂಕಗಳ ಪ್ರವಾಸ ಲೇಖನಗಳಿಗಿಂತ ಓದಲು ಚೆನ್ನಾಗಿರುತ್ತವೆ ಎಂದರೆ ದೊಡ್ಡವರು ಬೇಸರಪಟ್ಟುಕೊಳ್ಳಬಾರದು.