ಕೊಡದ ಸಮ್ಮತಿಯ ಲೆಕ್ಕ

ಜವಳಿ ಅಂಗಡಿಯಲ್ಲಿ ಸೀರೆ ಕೊಂಡವರು ಗಲ್ಲಾದ ಮುಂದೆ ನಿಂತಾಗ ಕೇಳಿಬರುವ ಮೊದಲ ಮಾತು ಈಗ ಹಣದ್ದಲ್ಲ, ‘ಮೊಬೈಲ್ ನಂಬರ್ ಹೇಳಿ’ ಎಂಬುದು. ಹಿಂದೆ ನಿಂತವರಿಗೆ ತಡವಾಗಬಾರದೆಂದು ಗ್ರಾಹಕರು ಹತ್ತು ಅಂಕಿಗಳನ್ನು ಹೇಳಿಬಿಡುತ್ತಾರೆ. ಬಿಲ್ಲು ಕೈಸೇರುತ್ತದೆ. ಅದರ ಬೆನ್ನಿಗೆ ಆಷಾಢದ ರಿಯಾಯಿತಿ, ದಸರೆಯ ಕೊಡುಗೆ ಎಂದು ಎಸ್ಸೆಮ್ಮೆಸ್ಸುಗಳು ಬರತೊಡಗುತ್ತವೆ. ಕೇಳಿದರೆ ‘ನಂಬರು ನೀವೇ ಕೊಟ್ಟದ್ದಲ್ಲವೇ’ ಎಂಬ ಉತ್ತರ ಅಂಗಡಿಯಲ್ಲಿ ಸಿದ್ಧವಾಗಿರುತ್ತದೆ. ಈ ಉತ್ತರ ಎಷ್ಟರಮಟ್ಟಿಗೆ ಸತ್ಯ ಎಂಬುದು ವ್ಯಾಪಾರಸ್ಥ ಸಮಾಜವೊಂದು ವಿಚಾರಿಸಲೇಬೇಕಾದ ಪ್ರಶ್ನೆಯಾಗಿದೆ.

ಈ ವಿಷಯದಲ್ಲಿ ರಾಜ್ಯಶಾಸನವು ಸುಮ್ಮನೆ ಕುಳಿತಿಲ್ಲವೆಂಬುದನ್ನು ಮೊದಲು ಹೇಳಬೇಕು. ಬೇಡದ ವಾಣಿಜ್ಯ ಕರೆಗಳನ್ನು ತಡೆಯಲು 2007ರಲ್ಲಿ ಮೊದಲ ನಿಯಮಾವಳಿ ಬಂದಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2010ರಲ್ಲಿ ಅದನ್ನು ಬದಲಿಸಿತು, 2018ರ ಜುಲೈನಲ್ಲಿ ಇಂದಿನ ನಿಯಮಾವಳಿಯನ್ನು ಹೊರಡಿಸಿತು. ಇದರಂತೆ ವಾಣಿಜ್ಯ ಸಂದೇಶ ಕಳಿಸುವ ಸಂಸ್ಥೆ ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ದೂರವಾಣಿ ಕಂಪನಿಗಳಲ್ಲಿ ನೋಂದಾಯಿಸಬೇಕು. ಬೇಡವೆನ್ನುವವರು 1909ಕ್ಕೆ ತಿಳಿಸಿ ಬಾಗಿಲು ಮುಚ್ಚಿಕೊಳ್ಳಬಹುದು. ಆದರೆ ಅವರೇ ಒಂದು ಸಂಸ್ಥೆಗೆ ಸ್ಪಷ್ಟ ಸಮ್ಮತಿಯನ್ನು ಕೊಟ್ಟಿದ್ದರೆ ಆ ಸಂಸ್ಥೆಯ ಪಾಲಿಗೆ ಬಾಗಿಲು ತೆರೆದಿರುತ್ತದೆ. ಹೀಗೆ ಸಮ್ಮತಿಯೆಂಬುದು ಬೀಗದ ಕೀಲಿಕೈಯಾಯಿತು. ಬೆಲೆಯುಳ್ಳ ವಸ್ತುವಾದೊಡನೆ ಅದರಲ್ಲಿ ಕಲಬೆರಕೆಯೂ ಆರಂಭವಾಯಿತು.

ಗ್ರಾಹಕರು ಓದದ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು, ಮೊದಲೇ ಗುರುತು ಹಾಕಿಟ್ಟ ಚೌಕ, ಸಂಖ್ಯೆ ಕೊಡದೆ ಬಿಲ್ಲೇ ಆಗದೆಂಬ ಹೆದರಿಕೆ: ಇವೆಲ್ಲ ಸಮ್ಮತಿಯ ಹೆಸರಿನಲ್ಲಿ ನಡೆದುವು. ಮೊಬೈಲ್ ಸಂಖ್ಯೆಗಾಗಿ ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವರ್ತಕರ ಸಂಘಗಳಿಗೆ ತಿಳಿಸಬೇಕಾಯಿತು. ಮರುತಿಂಗಳೇ ಟ್ರಾಯ್ ಇನ್ನೊಂದು ಆದೇಶವಿತ್ತು, ಸಮ್ಮತಿಯನ್ನು ಡಿಜಿಟಲ್ ವಿಧಾನದಲ್ಲಿಯೇ ಪಡೆದು ದೂರವಾಣಿ ಕಂಪನಿಗಳ ದಾಖಲೆಯಲ್ಲಿಡಬೇಕೆಂದೂ, ಸಮ್ಮತಿ ಕೋರುವ ಸಂದೇಶ 127ರಿಂದ ಆರಂಭವಾಗುವ ಸಂಖ್ಯೆಯಿಂದಲೇ ಹೋಗಬೇಕೆಂದೂ ವಿಧಿಸಿತು. 2025ರ ಫೆಬ್ರುವರಿಯ ತಿದ್ದುಪಡಿಯು ಪ್ರಚಾರ ಸಂದೇಶದಲ್ಲಿ ನಿರಾಕರಣೆಯ ದಾರಿ ಇರಲೇಬೇಕೆಂದಿತಲ್ಲದೆ, ಒಮ್ಮೆ ಬೇಡವೆಂದವರನ್ನು 90 ದಿನಗಳವರೆಗೆ ಮತ್ತೆ ಕೇಳಕೂಡದೆಂದಿತು.

ಇವುಗಳಿಗಿಂತ ತಾತ್ತ್ವಿಕವಾಗಿ ಗಟ್ಟಿಯಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಷರತ್ತಿಲ್ಲದ್ದೂ ಆಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕು. ಸಮ್ಮತಿಯಿತ್ತೆಂದು ಸಾಧಿಸುವ ಹೊಣೆ ವರ್ತಕನದು. ಕಾಯ್ದೆಯಲ್ಲಿ ಔಷಧದ ಅಂಗಡಿಯ ಒಂದು ದೃಷ್ಟಾಂತವಿದೆ. ಹಣ ಸಂದುದಕ್ಕೆ ಸಂದೇಶ ಕಳಿಸಿರೆಂದು ಗ್ರಾಹಕರು ತಾವಾಗಿ ಸಂಖ್ಯೆ ಕೊಟ್ಟರೆ, ಆ ರಸೀದಿಗಾಗಿ ಅಂಗಡಿ ಅದನ್ನು ಬಳಸಬಹುದು. ಕೊಟ್ಟ ಉದ್ದೇಶಕ್ಕಷ್ಟೇ ಕೊಟ್ಟದ್ದೆಂಬುದು ಇದರ ತಾತ್ಪರ್ಯ. ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವನ್ನೂ ಅವು ಇತ್ತಿವೆ.

ಇಷ್ಟಾದರೂ ಈ ಶಾಸನಗಳಲ್ಲಿ ಲೋಪಗಳಿವೆಯೆಂದು ಹೇಳದೆ ವಿಧಿಯಿಲ್ಲ. ಕಾಯ್ದೆ ಜಾರಿಯಾಗುವ ಮೊದಲು ಪಡೆದ ಸಮ್ಮತಿಯ ವಿಷಯದಲ್ಲಿ, ಸೂಚನೆಯೊಂದನ್ನು ಕಳಿಸಿ, ಗ್ರಾಹಕರು ಹಿಂತೆಗೆದುಕೊಳ್ಳುವವರೆಗೆ ಬಳಕೆಯನ್ನು ಮುಂದುವರಿಸಬಹುದೆಂದಿದೆ. ಇಲ್ಲಿ ಮೌನವೇ ಒಪ್ಪಿಗೆಯೆನಿಸಿತು. ಟ್ರಾಯ್ ನಿಯಮಾವಳಿಯು ದೂರವಾಣಿ ಕಂಪನಿಗಳ ಮೂಲಕ ಸಾಗುವ ಸಂದೇಶವನ್ನು ತೂಗುತ್ತದೆ. ವಾಟ್ಸ್ಆ್ಯಪಿನಲ್ಲಿ ಬರುವ ಜಾಹೀರಾತು ಅದರ ತಕ್ಕಡಿಗೆ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಲೋಪವು ಶಾಸನಕಾರರದಲ್ಲ, ಶಾಸನದ ಸ್ವಭಾವದ್ದು. ಮಾದರಿ, ಹೆಸರು, ದಾಖಲೆಗಳನ್ನು ಅದು ಪರೀಕ್ಷಿಸಬಲ್ಲುದು. ಗಲ್ಲಾದ ಮುಂದೆ ಸಂಕೋಚದಿಂದ ಹೊರಟ ಹತ್ತು ಅಂಕಿಗಳು ಮನಸ್ಸಿನಿಂದ ಬಂದುವೋ ಮುಜುಗರದಿಂದ ಬಂದುವೋ ಎಂಬುದು ಅದಕ್ಕೆ ಕಾಣದು. ಅದು ಕಾಣುವುದು ಗಲ್ಲಾದ ಹಿಂದೆ ಕುಳಿತವನಿಗೆ ಮಾತ್ರ.

ಆತನ ನೆರವಿಗೆ ಆಚಾರ್ಯರು ಬಹುಹಿಂದೆಯೇ ಬಂದಿದ್ದಾರೆ. ಕಳ್ಳತನವನ್ನು ಅವರು ಅದತ್ತಾದಾನವೆಂದರು, ಎಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಇತರರ ವಸ್ತುವನ್ನು ಕದಿಯಲಿಲ್ಲವೆಂದರೆ ಸಾಲದು, ಅದು ಕೊಡಲ್ಪಟ್ಟಿತೇ ಎಂದು ಕೇಳಿಕೊಳ್ಳಬೇಕು. ರಸೀದಿಗಾಗಿ ಕೊಟ್ಟ ಸಂಖ್ಯೆ ಪ್ರಚಾರದ ಮಟ್ಟಿಗೆ ಅದತ್ತವೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವ ತದಾಹೃತಾದಾನವೂ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ ಸೇರಿವೆ. ಸಾವಿರಗಟ್ಟಲೆ ಸಂಖ್ಯೆಗಳ ಪಟ್ಟಿಯನ್ನು ದಲ್ಲಾಳಿಯಿಂದ ಕೊಳ್ಳುವವನು ಮೊದಲನೆಯದಕ್ಕೆ ತನ್ನ ಹೆಸರು ಬರೆಸಿಕೊಳ್ಳುತ್ತಾನೆ. ತನಿಖೆ ಬಂದಾಗ ಹಿಂದಿನ ದಿನಾಂಕ ಹಾಕಿ ಸಮ್ಮತಿಪತ್ರ ಸೃಷ್ಟಿಸುವುದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆ. ‘ಸಂದೇಶ ಕಳಿಸಿದ್ದು ಏಜೆನ್ಸಿ, ನಾವಲ್ಲ’ ಎಂಬ ಸಮರ್ಥನೆಯೂ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಎರಡನೆಯದು ಅವರದೇ.

ಹಾಗಾದರೆ ವರ್ತಕನು ಗ್ರಾಹಕರಿಗೆ ಸುದ್ದಿಯನ್ನೇ ಮುಟ್ಟಿಸಬಾರದೆ? ಮುಟ್ಟಿಸಬಹುದು, ಕೇಳಿ ಮುಟ್ಟಿಸಬೇಕು. ಬಿಲ್ಲಿಗೆ ಸಂಖ್ಯೆ ಬೇಡವೆಂದವರಿಗೂ ಬಿಲ್ಲು ಕೊಡಬೇಕು. ‘ಹೊಸ ಮಾಲು ಬಂದಾಗ ತಿಳಿಸಬಹುದೇ’ ಎಂಬುದನ್ನು ಪ್ರತ್ಯೇಕವಾಗಿ, ಗ್ರಾಹಕರ ಭಾಷೆಯಲ್ಲಿ ಕೇಳಬೇಕು. ಸಾಲದ ಖಾತೆಯಲ್ಲಿ ಯಾರು, ಎಂದು, ಎಷ್ಟು ಎಂದು ಬರೆಯುವಂತೆ ಸಮ್ಮತಿಗೂ ಖಾತೆಯಿರಬೇಕು: ಯಾರು ಕೊಟ್ಟರು, ಯಾವ ದಿನ, ಯಾವುದಕ್ಕೆ, ಎಂದು ಹಿಂತೆಗೆದುಕೊಂಡರು. ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಲೆಕ್ಕದ ಪುಸ್ತಕ ಬದಲಿಸುವಾಗ ಈ ಖಾತೆಯನ್ನೂ ನೋಡಿ, ಬಾಕಿಯಿಲ್ಲದ ಹೆಸರುಗಳನ್ನು ಹೊಡೆದುಹಾಕಬೇಕು. ತೀರಿಹೋದ ಯಜಮಾನರ ಸಂಖ್ಯೆಗೆ ಅಂಗಡಿಯ ಯಂತ್ರ ಕಳಿಸುವ ಜನ್ಮದಿನದ ಶುಭಾಶಯವನ್ನು ಅವರ ಪತ್ನಿ ಓದಬೇಕಾಗಿ ಬರುವುದು ಈ ಹೊಡೆದುಹಾಕುವ ಕೆಲಸವನ್ನು ಯಾರೂ ಮಾಡದೆ ಇದ್ದುದರಿಂದ.

ಬಸದಿಗಳ ಟ್ರಸ್ಟುಗಳು ಇದರಿಂದ ಹೊರತಲ್ಲ. ಅಭಿಷೇಕಕ್ಕೂ ಆಹಾರದಾನಕ್ಕೂ ರಸೀದಿ ಬರೆಸುವಾಗ ಭಕ್ತರು ಸಂಖ್ಯೆ ಕೊಡುತ್ತಾರೆ. ಅಲ್ಲಿ ಅನುಮಾನಪಡುವವರು ಯಾರೂ ಇಲ್ಲ. ಆ ರಸೀದಿಯ ವಿವರಗಳು ಗಣಕಯಂತ್ರಕ್ಕೆ ಸೇರಿದೊಡನೆ ಕಾಯ್ದೆ ಅವಕ್ಕೂ ಅನ್ವಯಿಸುವಂತಾಗುತ್ತದೆ. ಕಾಯ್ದೆಯ ಮಾತು ಹಾಗಿರಲಿ. ಆ ಪಟ್ಟಿಯನ್ನು ಸಮಿತಿಯ ಸದಸ್ಯರೊಬ್ಬರ ಚಿನ್ನದಂಗಡಿಗೋ ನಿವೇಶನದ ವ್ಯಾಪಾರಕ್ಕೋ ಕೊಟ್ಟರೆ, ನಂಬಿ ಇಟ್ಟ ಠೇವಣಿಯನ್ನು ನುಂಗುವ ನ್ಯಾಸಾಪಹಾರಕ್ಕೂ ಅದಕ್ಕೂ ಏನು ಅಂತರ? ಮುಂದಿನ ಸಭೆಯಲ್ಲಿ ಜಮಾಖರ್ಚು ಓದುವ ಮುನ್ನ, ಭಕ್ತರ ಸಂಖ್ಯೆಗಳ ಪಟ್ಟಿ ಯಾರ ಯಾರ ಕೈಯಲ್ಲಿದೆ ಎಂಬುದನ್ನು ಪ್ರತಿ ಟ್ರಸ್ಟೂ ಕೇಳಿ ಬರೆಯಿಸಿಕೊಳ್ಳುವುದು ಒಳಿತು.