ಕನಸಿನ ಪುಸ್ತಕದ ಹಾಳೆ

ಕನಸಿನಲ್ಲಿ ಕಂಡ ಪುಸ್ತಕ ಅಂದರೆ ನಮ್ಮ ಸಾಹಿತಿಗಳಿಗೆ ಅದು ಆಕಾಶದಿಂದ ಇಳಿದದ್ದು. ಹಾಗೇನಿಲ್ಲ. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕನಸುಗಳ ಬಗ್ಗೆ 1899ರಲ್ಲಿ ಹೊರತಂದ ಗ್ರಂಥದಲ್ಲಿ ತನ್ನದೇ ಒಂದು ಕನಸನ್ನು ಹೇಳಿದ್ದಾನೆ. ಯಾವುದೋ ಗಿಡದ ಮೇಲೆ ತಾನು ಪುಸ್ತಕ ಬರೆದಿದ್ದಾನೆ, ಅದು ಎದುರಿಗಿದೆ, ಮಡಿಸಿದ ಬಣ್ಣದ ಚಿತ್ರವನ್ನು ಬಿಡಿಸುತ್ತಿದ್ದಾನೆ, ಒಣಗಿದ ಗಿಡವೊಂದನ್ನೂ ಒಳಗೆ ಸೇರಿಸಿ ಕಟ್ಟಿದ್ದಾರೆ. ಇಷ್ಟೇ ಕನಸು.

ಇಂಥ ಪುಸ್ತಕ ಅವನು ಬರೆದೇ ಇರಲಿಲ್ಲ. 1884ರಲ್ಲಿ ಕೋಕಾ ಗಿಡದ ಬಗ್ಗೆ ಲೇಖನವೊಂದನ್ನು ಬರೆದಿದ್ದ, ನಿಜ. ಆದರೆ ಕನಸಿನ ಹಿಂದಿನ ದಿನ ಪುಸ್ತಕದಂಗಡಿಯ ಗಾಜಿನ ಹಿಂದೆ ಸೈಕ್ಲಮೆನ್ ಎಂಬ ಹೂಗಿಡದ ಮೇಲಿನ ಹೊಸ ಪುಸ್ತಕ ಕಂಡಿತ್ತು. ಅದು ಹೆಂಡತಿಯ ಇಷ್ಟದ ಹೂ. ತಂದುಕೊಡೋದು ಮರೆತುಹೋಗುತ್ತೆ ಅನ್ನೋ ಅಳುಕು ಬೇರೆ. ಸಂಜೆ ಸಿಕ್ಕ ಪ್ರೊಫೆಸರ ಹೆಸರು ಗೇರ್ಟ್ನರ್, ಅಂದರೆ ತೋಟಗಾರ! ಬೀದಿ, ಮನೆ, ಹರಟೆ ಎಲ್ಲ ಸೇರಿ ಆ ಪುಸ್ತಕ ಕಟ್ಟಿವೆ.

ಅದರ ಬೇರು ಇನ್ನೂ ಆಳದಲ್ಲಿದೆ. ಐದು ವರ್ಷದ ಫ್ರಾಯ್ಡನಿಗೂ ಅವನ ತಂಗಿಗೂ ಅಪ್ಪ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ಹರಿಯಲಿಕ್ಕೇ ಕೊಟ್ಟಿದ್ದ. ಆರ್ಟಿಚೋಕ್ ತರಕಾರಿಯ ಎಲೆ ಕೀಳೋ ಹಾಗೆ ಒಂದೊಂದೇ ಕಿತ್ತರಂತೆ. (ಹರಿದು ಆಡೋಕೂ ಪುಸ್ತಕವಿದ್ದ ಮನೆ! ಅಕ್ಷರ ಮುಟ್ಟಬೇಡ ಅನ್ನಿಸಿಕೊಂಡ ಕೇರಿಯ ಕನಸಿನ ಪುಸ್ತಕ ಹೇಗಿತ್ತೋ, ಅದನ್ನು ಕೇರಿಯವರೇ ಹೇಳಬೇಕು.) ಜರ್ಮನ್ನಿನಲ್ಲಿ ಗಿಡದ ಎಲೆಗೂ ಪುಸ್ತಕದ ಹಾಳೆಗೂ ಒಂದೇ ಮಾತು, ಬ್ಲಾಟ್. ಗಿಡವನ್ನೂ ಪುಸ್ತಕವನ್ನೂ ಕೂಡಿಸಿದ ಕೊಂಡಿ ಇದೇ ಎಂದು ನಾವು ಓದುತ್ತೇವೆ.

ಈಗ ಇದನ್ನು ಕನ್ನಡಕ್ಕೆ ತನ್ನಿ. 'ಪರ್ಣ', 'ಪುಟ' ಎಂದು ಬರೆದಿರೋ, ಕೊಂಡಿ ಕಳಚಿತು. ಅಡಿಕೆ ತೋಟದಲ್ಲಿ ಕೂಲಿ ಮಾಡೋ ಹೆಂಗಸಿಗೆ ಹಾಳೆ ಅಂದರೆ ಮರದಿಂದ ಬಿದ್ದದ್ದೂ ಹೌದು, ಮಗಳ ನೋಟ್‌ಬುಕ್ಕಿನದೂ ಹೌದು. ಓಲೆ ಅಂದರೆ ತಾಳೆಗರಿ, ಬರೆದ ಕಾಗದ, ಕಿವಿಯ ಒಡವೆ. ಕನಸಿಗೆ ಬೇಕಾದ ಸರಕು ಇಲ್ಲಿದೆ, ನಿಘಂಟಿನಲ್ಲಲ್ಲ. ಒಂದೊಂದು ನುಡಿಗೂ ಅದರದೇ ಕನಸಿನ ಭಾಷೆಯಿದೆ ಎಂಬ ಹಂಗೇರಿಯ ಫೆರೆಂಚಿಯ ಮಾತನ್ನು ಫ್ರಾಯ್ಡನೇ ಒಪ್ಪಿದ್ದಾನೆ.

ನಮ್ಮ ಕಥೆಗಳನ್ನು ನೋಡಿ. ಹಗಲೆಲ್ಲ ತನ್ನ ಮಾತಾಡಿದ ಕೂಲಿಯವನು ಕಣ್ಣು ಮುಚ್ಚಿದ ಕೂಡಲೇ ಸಂಸ್ಕೃತದಲ್ಲಿ ಕನಸು ಕಾಣುತ್ತಾನೆ! ಬಂಡಾಯದ ಲೇಖಕರೆನ್ನಿಸಿಕೊಂಡ ನಾವೂ ಇದನ್ನು ಮಾಡಿದ್ದೇವೆ. ಹಗಲನ್ನು ಅವನಿಗೆ ಬಿಟ್ಟುಕೊಟ್ಟು ರಾತ್ರಿಯನ್ನು ಕಿತ್ತುಕೊಂಡಿದ್ದೇವೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಹುಡುಗಿಯೊಬ್ಬಳು ಕನಸು ಬರೆದು 'ಹಾಳೆ ಮ್ಯಾಲೆ ಕುಂತು ಜಾರಿದೆ, ಅದರ ತುಂಬ ಬರೆದಿತ್ತು' ಅಂದರೆ ಕೆಂಪು ಶಾಯಿ ತೆಗೆಯಬೇಡಿ. ಯಾವ ಹಾಳೆ, ಏನು ಬರೆದಿತ್ತು ಅಂತ ಕೇಳಿ.